ಬಿಳಿ ಫ್ರಾಕಿನ ಜೇಬು

ನಮ್ಮಮ್ಮನ ಕಾಲದಲ್ಲಿ ಇಂಗ್ಲೆಂಡಿನ ಓಲ್ಡಮ್ ಊರಿನ ನಮ್ಮ ಬೀದಿಯ ಹೆಂಗಸರು ವಾರವಾರ ಕಾಸು ಕೂಡಿಸಿ, ಟೋಪಿಯೊಳಗೆ ಹೆಸರು ಬರೆದು ಹಾಕಿ ಚೀಟಿ ಎತ್ತುತ್ತಿದ್ದರು. ಯಾರ ಹೆಸರು ಬಂತೋ ಅವಳಿಗೆ ಆ ವಾರ ಗಡಿಯಾರವೋ ಕಂಬಳಿಯೋ ಸಿಗುತ್ತಿತ್ತು. ಯುದ್ಧ ಮುಗಿದ ಮೇಲೆ ಚೀಟಿ ಹೋಗಿ ಚಿತ್ರಗಳ ದಪ್ಪ ಪುಸ್ತಕ ಬಂತು. ಚಿತ್ರ ತೋರಿಸಿದರೆ ಸಾಕು, ಕಂಪನಿಯವರು ಸಾಮಾನನ್ನು ಪಾರ್ಸೆಲ್ ಮಾಡಿ ಕಳಿಸುತ್ತಿದ್ದರು. ನಮ್ಮ ಬೀದಿಯಲ್ಲಿ ಆ ಪುಸ್ತಕ ಇಟ್ಟುಕೊಂಡವಳು ಐಡಾ ಸ್ಕೋಫೀಲ್ಡ್; ಎಲ್ಲರ ಆರ್ಡರೂ ಕಂತಿನ ಕಾಸೂ ಅವಳ ಹೆಸರಲ್ಲೇ ಹೋಗುತ್ತಿತ್ತು.

ಐಡಾ ಬೆಟ್ಟದಾಚೆಯ ಯಾರ್ಕ್‌ಶೈರ್ ಸೀಮೆಯವಳು, ನಮಗೆ ಹೊರಗಿನವಳೇ. ಗಂಡ ಗಿರಣಿಯ ಮಗ್ಗದ ಸದ್ದಿಗೆ ಕಿವುಡಾದವನು. ಮದುವೆಯಾಗಿ ಬಂದು ಎಷ್ಟು ವರ್ಷವಾದರೂ ನಾವ್ಯಾರೂ ಅವಳ ಹೊಸ್ತಿಲು ತುಳಿದಿರಲಿಲ್ಲ. ಪುಸ್ತಕ ಬಂದ ಮೇಲೆ ಅವಳ ಅಡುಗೆಮನೆಯಲ್ಲಿ ಕುರ್ಚಿ ಸಾಲುತ್ತಿರಲಿಲ್ಲ.

ತರಿಸಿದ್ದು ಹಿಡಿಸದಿದ್ದರೆ ವಾಪಸು ಕಳಿಸಬಹುದಿತ್ತು. ತೊಟ್ಟು ಕಳಿಸುವಂತಿರಲಿಲ್ಲ. ಆದರೂ ಲೇಬಲನ್ನು ಕತ್ತಿನೊಳಗೆ ಮಡಚಿ ಒಂದು ದಿನ ತೊಟ್ಟು ಕಳಿಸದವರು ನಮ್ಮಲ್ಲಿ ಕಡಿಮೆ. ಒಂದು ಚಳಿಗಾಲದಲ್ಲಿ ಯಾರದೋ ಕೋಟು ಬಿಯರ್ ವಾಸನೆ ಹೊತ್ತು ವಾಪಸಾಗಿತ್ತು. ಇನ್ನೊಮ್ಮೆ ಹೀಗಾದರೆ ಪುಸ್ತಕ ಕಿತ್ತುಕೊಳ್ಳುತ್ತೇವೆ ಎಂದು ಕಂಪನಿಯವನು ಐಡಾಳ ಮನೆಗೇ ಬಂದು ಹೇಳಿ ಹೋಗಿದ್ದ.

ಮಕ್ಕಳು ಹೊಸ ಬಿಳಿ ಬಟ್ಟೆ ತೊಟ್ಟು ಚರ್ಚಿನ ಮೆರವಣಿಗೆಯಲ್ಲಿ ನಡೆಯುವ ವಿಟ್ ಹಬ್ಬ ಬಂತು. ಎದುರುಮನೆಯ ಡೋರಿಸ್ ತನ್ನ ಮಗಳು ಮಾರ್ಲೀನಳಿಗೆಂದು ಬಿಳಿ ಫ್ರಾಕ್ ತರಿಸಿದಳು.

"ಮೆರವಣಿಗೆಗೆ ಮಾತ್ರ ಕಣೇ ಐಡಾ. ಹಾಗ್‌ಹಾಗೇ ವಾಪಸ್ ಕೊಡ್ತೀನಿ."

"ನಿಂಗೆ ಮೆರವಣಿಗೆ ಡೋರಿಸ್, ನಂಗೆ ಪ್ರಾಣಸಂಕಟ."

ಆ ದಿನ ಐಡಾ ಛತ್ರಿ ಹಿಡಿದು ಹುಡುಗಿಯ ಬೆನ್ನಿಗೇ ನಡೆದಳು. ಒಂದು ಕಣ್ಣು ಮೋಡದ ಮೇಲೆ, ಒಂದು ಕಣ್ಣು ಆ ಕತ್ತಿನ ಮೇಲೆ.

"ಕೆರ್ಕೋಬೇಡ ಪುಟ್ಟೀ!"

"ಲೇಬಲ್ಲು ಚುಚ್ಚತ್ತೆ ಆಂಟಿ!"

"ಶ್! ಊರಿಗೆಲ್ಲ ಕೇಳ್ಸು."

ಕಟುಕರ ಅಂಗಡಿಯ ಫ್ರೆಡ್ ಬಾಗಿಲಲ್ಲಿ ನಿಂತು ಕೂಗಿದ: "ಏನಮ್ಮಾ ಯಾರ್ಕ್‌ಶೈರು, ರಾಣಿಗೆ ಕಾವಲಾ?"

ಮಳೆ ಬರಲಿಲ್ಲ. ಮರುದಿನ ಐಡಾ ಫ್ರಾಕನ್ನು ಬೆಳಕಿಗೆ ಹಿಡಿದು ಕಲೆ ಹುಡುಕಿದಳು, ಅಂಚು ಮೂಸಿದಳು, ಇಸ್ತ್ರಿ ಮಾಡಿ ಅಂಚೆಗೆ ಹಾಕಿ ಬಂದಳು. ಸಂಜೆ ನಾನು ಅವಳ ಅಡುಗೆಮನೆಯಲ್ಲೇ ಚಹಾ ಕುಡಿಯುತ್ತಿದ್ದೆ. ಮಾರ್ಲೀನ್ ಬಂದಳು.

"ಆಂಟಿ, ನನ್ನ ಆರು ಪೆನ್ಸ್ ನಾಣ್ಯ ಕೊಡಿ."

"ಯಾವ್ದೇ ಅದು?"

"ಅಜ್ಜಿ ಜೇಬಿಗೆ ಹಾಕಿದ್ದು."

ಹೊಸ ಬಟ್ಟೆ ತೊಟ್ಟ ಮಗು ಎದುರಾದರೆ ಜೇಬಿಗೆ ಕಾಸು ಹಾಕುವುದು ನಮ್ಮ ಕಡೆಯ ರೂಢಿ. ನಮ್ಮಲ್ಲಿ ಯಾರೇ ಆಗಿದ್ದರೂ ಮೊದಲು ಜೇಬಿಗೇ ಕೈ ಹಾಕುತ್ತಿದ್ದರು. ಹೊರಗಿನಿಂದ ಬಂದ ಐಡಾಗೆ ಅದು ಹೊಳೆದಿರಲಿಲ್ಲ; ತೊಟ್ಟಿದ್ದಕ್ಕೆ ಸಾಕ್ಷಿಯನ್ನು ಫ್ರಾಕಿನ ಜೊತೆಗೇ ಕಳಿಸಿಬಿಟ್ಟಿದ್ದಳು. ಅವಳ ಮುಖ ಆ ಫ್ರಾಕಿನಷ್ಟೇ ಬೆಳ್ಳಗಾಯಿತು.

ಆಮೇಲೆ ಬೀದಿಯಲ್ಲಿ ವ್ಯಾನಿನ ಸದ್ದಾದರೆ ಕಂಪನಿಯವನೇ ಬಂದನೆಂದು ಅವಳ ಕೈಯಲ್ಲಿನ ಚಮಚ ನಿಲ್ಲುತ್ತಿತ್ತು. ಒಂದು ದಿನ ಕೇಳಿದಳು:

"ಪುಸ್ತಕ ಇಲ್ದಿದ್ರೂ ನೀವೆಲ್ಲ ಬರ್ತೀರಾ?"

"ಬರ್ದೆ ಏನೇ?" ಎಂದೆ. ಅವಳು ನಂಬಲಿಲ್ಲ.

ಕೊನೆಗೆ ಪಾರ್ಸೆಲ್ ಬಂತು. ಒಳಗೆ ಅದೇ ಫ್ರಾಕ್. ತೊಟ್ಟ ಬಟ್ಟೆ, ವಾಪಸು ತೆಗೆದುಕೊಳ್ಳುವುದಿಲ್ಲ ಎಂದು ಜೊತೆಯ ಕಾಗದದಲ್ಲಿ ಬರೆದಿತ್ತು. ಪುಸ್ತಕ ಕಿತ್ತುಕೊಳ್ಳುವ ಮಾತೇ ಇರಲಿಲ್ಲ. ಐಡಾ ಜೇಬಿಗೆ ಕೈ ಹಾಕಿದಳು. ಆರು ಪೆನ್ಸಿನ ನಾಣ್ಯದ ಜೊತೆ ಒಂದು ಪೆನ್ನಿಯ ಹೊಳೆಯುವ ಹೊಸ ನಾಣ್ಯವೂ ಇತ್ತು.

"ಅಜ್ಜಿ ಒಂದೇ ಹಾಕಿದ್ದು," ಎಂದಳು ಓಡಿಬಂದಿದ್ದ ಮಾರ್ಲೀನ್.

"ಅಲ್ಲಿ ಪಾರ್ಸೆಲ್ ಕಟ್ಟೋರೂ ನಮ್ಮ ಕಡೆ ಹೆಂಗಸರೇ ಅಲ್ವಾ, ರೂಢಿ ಬಿಡ್ತಾರಾ," ಎಂದೆ.

ಡೋರಿಸ್ ಮೂತಿ ಊದಿಸಿಕೊಂಡೇ ಕಾಸು ಕೊಟ್ಟು ಫ್ರಾಕನ್ನು ಇಟ್ಟುಕೊಂಡಳು. ಐಡಾಳ ಅಳುಕು ಮಾತ್ರ ಬೇಸಿಗೆಯಿಡೀ ಹೋಗಲಿಲ್ಲ. ಆರು ತಿಂಗಳಿಗೊಮ್ಮೆ ಬದಲಾಗುವ ಪುಸ್ತಕ ಅದು; ಹಳೆಯದರ ಅವಧಿ ಮುಗಿಯಿತು, ಹೊಸದು ಬರಲಿಲ್ಲ. ತೋರಿಸಲು ಒಂದು ಚಿತ್ರವೂ ಇಲ್ಲದಿದ್ದರೂ ನಾವು ಹೋಗಿ ಕೂರುತ್ತಿದ್ದೆವು. ಅವಳು ಮಾತ್ರ ಬಾಗಿಲ ಕಡೆಯೇ ನೋಡುತ್ತಿದ್ದಳು.

ಒಂದು ಮಧ್ಯಾಹ್ನ ಬಾಗಿಲಲ್ಲಿ ದಪ್ಪನೆಯದೇನೋ ಧೊಪ್ಪೆಂದು ಬಿತ್ತು. ಮೇಲೆ ಐಡಾಳ ಹೆಸರು. ಅವಳು ಅದನ್ನು ಎದೆಗವುಚಿಕೊಂಡು ನಮ್ಮನ್ನೆಲ್ಲ ಒಮ್ಮೆ ನೋಡಿದಳು. ಡೋರಿಸ್ ಕುರ್ಚಿ ಸಿಗದೆ ಇನ್ನೂ ನಿಂತೇ ಇದ್ದಳು. ಐಡಾ ಹೊಸ ಪುಸ್ತಕವನ್ನು ಬಿಚ್ಚದೆ ಮೇಜಿನ ಮೇಲಿಟ್ಟು, ಒಳಗಿನಿಂದ ಇನ್ನೊಂದು ಕುರ್ಚಿ ತರಲು ಹೋದಳು.