ಕೆನಡಾದಿಂದ ತವರಿಗೆ ಬಂದವರು

ವಿದೇಶದ ನೇಸ್ ಎಂಬ ಊರಿನಲ್ಲಿರುವ ಮಗಳ ಮನೆಯ ಹಿಂದೆ, ಹಸು ಮೇಯುವ ಹೊಲದಲ್ಲಿ, ವೃದ್ಧೆಯೊಬ್ಬರು ಪಾಳುಬಿದ್ದ ಕಲ್ಲುಗೋಡೆಯನ್ನು ಸವರುತ್ತಾ ಅಳುತ್ತಿದ್ದರು. ನನಗೆ ಇಂಗ್ಲಿಷ್ ಬಾರದು. ಮೊಮ್ಮಗಳು ಹೋಗಿ ವಿಚಾರಿಸಿಕೊಂಡು ಬಂದಳು.

“ಅಜ್ಜಿ, ಅವ್ರು ಕೆನಡಾದವ್ರು. ಅವ್ರ ಮುತ್ತಜ್ಜಿ ಹುಟ್ಟಿದ ಮನೆಯಂತೆ ಇದು.”

ಆ ಮುತ್ತಜ್ಜಿ ಗಂಡನೊಡನೆ ಹಡಗಿನಲ್ಲಿ ಹೋಗಿ, ಕಾಡು ಕಡಿದು, ಅಲ್ಲಿಯ ಹಳ್ಳಿಯ ಮೊದಲ ಮನೆ ಕಟ್ಟಿದವಳಂತೆ. ಸುತ್ತಲಿನವರ ಹೆರಿಗೆಗಳನ್ನೆಲ್ಲ ಅವಳೇ ಮಾಡಿಸುತ್ತಿದ್ದಳಂತೆ. ಅಲ್ಲಿ ರಸ್ತೆಗೇ ಅವಳ ಹೆಸರಿದೆ. ತವರಿನಲ್ಲಿ ಮಾತ್ರ ಅವಳನ್ನು ಬಲ್ಲವರು ಒಬ್ಬರೂ ಸಿಕ್ಕಿರಲಿಲ್ಲ. ಇವರು ಅದೇ ದಿನದ ವಿಮಾನಕ್ಕೆ ಬರಿಗೈಯಲ್ಲಿ ಹೊರಟಿದ್ದರು.

ತವರಿಗೆ ಬಂದ ಹೆಣ್ಣನ್ನು ಹಾಗೆ ಕಳಿಸುವುದುಂಟೆ? ಒಳಗಿನಿಂದ ಅಕ್ಕಿ, ಬೆಲ್ಲ, ತೆಂಗಿನಕಾಯಿ ತಂದೆ. ತಂದಮೇಲೆ ಕೈ ಹಿಂಜರಿಯಿತು. ಗಂಡನಿಲ್ಲದವಳು ಮಡಿಲು ತುಂಬುವುದು ನಮ್ಮಲ್ಲಿಲ್ಲ. ಊರಿನಲ್ಲಿ ನನ್ನ ಮಗಳಿಗೂ ಪಕ್ಕದ ಮನೆಯಾಕೆಯಿಂದಲೇ ತುಂಬಿಸಿ, ನಾನು ಅಡುಗೆಮನೆಯಲ್ಲಿ ನಿಂತಿರುತ್ತಿದ್ದೆ.

“ನೀನೇ ಹಾಕು ಪುಟ್ಟಿ,” ಎಂದೆ.

“ನೀವೇ ಹಾಕಿ ಅಜ್ಜಿ, ಏನೂ ಆಗಲ್ಲ, ಗ್ರ್ಯಾಂಡ್ ಆಗಿರತ್ತೆ. ಅವ್ರಿಗೂ ಹಸ್ಬೆಂಡ್ ಇಲ್ವಂತೆ.”

ಆಕೆ ಕೋಟಿನ ಅಂಚನ್ನು ಸೆರಗಿನಂತೆ ಹಿಡಿದು ನಿಂತರು. ನಾನು ತುಂಬಿದೆ. ಒಂದು ಹಿಡಿ ಅಕ್ಕಿಯನ್ನು ತವರಿಗೇ ಬಿಟ್ಟು ಹೋಗಬೇಕೆಂದು ಮೊಮ್ಮಗಳಿಂದ ಹೇಳಿಸಿದೆ. ಅವರು ಹುಲ್ಲು ಸರಿಸಿ, ಹೊಸ್ತಿಲ ಕಲ್ಲು ಹುಡುಕಿ, ಅದರ ಮೇಲೆ ಅಕ್ಕಿಯಿಟ್ಟು, ನನ್ನನ್ನು ತಬ್ಬಿಕೊಂಡರು.

ಸಂಜೆಯ ಹೊತ್ತಿಗೆ ಆ ಅಕ್ಕಿಯನ್ನು ಹಕ್ಕಿಗಳು ತಿಂದಿದ್ದವು. ಇನ್ನು ಮಗಳು ಊರಿಗೆ ಬಂದು ಹೊರಡುವಾಗ ನಾನು ಪಕ್ಕದ ಮನೆಗೆ ಹೇಳಿಕಳಿಸುವುದಿಲ್ಲ.