ತಿರುಗಿ ನೋಡದೆ ಇಳಿಯುವ ಅಕ್ಕ

ಬೆಳಕು ಹರಿಯುವ ಹೊತ್ತಿಗೆ ಮೂವರು ಬೆಟ್ಟದ ಬೋಳು ಇಳಿಜಾರನ್ನು ಏರುತ್ತಿದ್ದಾರೆ. ಮುಂದೆ ಕ್ಯಾಮೆರಾ ಹೊತ್ತ ಉದ್ದನೆಯ ಹುಡುಗ, ಅವನ ಹಿಂದೆ ಕ್ರಾಪಿನ ಹುಡುಗಿ. ಇಬ್ಬರೂ ಕಾಲೇಜು ವಿದ್ಯಾರ್ಥಿಗಳು. ಕೊನೆಯಲ್ಲಿ ನೀಲಿ ಶಾಲು ಹೊದ್ದ, ಐವತ್ತರ ಆಸುಪಾಸಿನ ಹೆಂಗಸು. ಕೈಯಲ್ಲಿ ಖಾಲಿ ಕೆಟಲು. ಮೂವರೂ ಕಲ್ಲಿನ ಬಣ್ಣದ ಪುಟ್ಟ ಗುಡಾರದೊಳಗೆ ನುಸುಳುತ್ತಾರೆ. ಸ್ವಲ್ಪ ಹೊತ್ತಿಗೆ ಹೆಂಗಸು ಒಬ್ಬರೇ ಹೊರಬಂದು, ಕೆಟಲಿನ ಮುಚ್ಚಳ ಬಡಿಯುತ್ತಾ, ಯಾರನ್ನೋ ಜೋರಾಗಿ ಬೈಯುತ್ತಾ ಇಳಿಯತೊಡಗುತ್ತಾರೆ. ಒಮ್ಮೆಯೂ ಹಿಂತಿರುಗಿ ನೋಡುವುದಿಲ್ಲ. ದೊಡ್ಡ ಬಂಡೆಯ ತಿರುವು ದಾಟಿದ ಮೇಲೆಯೇ ಬಾಯಿ ಮುಚ್ಚುತ್ತಾರೆ.

ಇದೇ ಅವರ ಕೆಲಸ. ಹೋಗುವುದು.

ಗುಡಾರದ ಎದುರಿನ ಕಡಿದಾದ ಕಲ್ಲುಗೋಡೆಯಲ್ಲಿ ಹದ್ದಿನ ಗೂಡಿದೆ. ಒಂದೇ ಮರಿ, ಇನ್ನೂ ಪುಕ್ಕ ಮೂಡಿಲ್ಲ. ಮನುಷ್ಯರ ಸುಳಿವು ಸಿಕ್ಕರೆ ತಾಯಿ ಹಾರಿಹೋಗಿ ದೂರದ ಕೋಡುಗಲ್ಲಿನ ಮೇಲೆ ಕೂರುತ್ತದೆ. ಬಂದವರು ವಾಪಸ್ಸು ಹೊರಟರೆಂದು ಕಣ್ಣಾರೆ ಕಾಣದೆ ಗೂಡಿಗೆ ಮರಳದು. ತಡವಾದಷ್ಟೂ ಚಳಿಗಾಳಿಯಲ್ಲಿ ಮರಿಯ ಜೀವಕ್ಕೆ ಕುತ್ತು. ಹಾಗಾಗಿ ಒಳಗೆ ಹೋದವರಲ್ಲಿ ಒಬ್ಬರಾದರೂ ಅದಕ್ಕೆ ಕಾಣುವಂತೆ, ಕೇಳುವಂತೆ ಇಳಿದು ಹೋಗಲೇಬೇಕು.

"ಅದಕ್ಕೆ ಲೆಕ್ಕ ಬರಲ್ಲ, ಒಬ್ರು ಹೋದ್ರೂ ಎಲ್ರೂ ಹೋದ್ರು ಅಂದ್ಕೊಳ್ಳುತ್ತೆ ಅಂತಾರೆ ಈ ಮಕ್ಕಳ ಮೇಷ್ಟ್ರು. ಲೆಕ್ಕ ಬಂದ್ರೂ ಬರಬಹುದು, ನಮ್ಮ ಹತ್ರ ಯಾಕೆ ಹೇಳುತ್ತೆ ಅದು?" ಎಂದು ಆ ಹೆಂಗಸು ನಗುತ್ತಾರೆ.

ಬೆಟ್ಟದ ಬುಡದ ತಂಗುಮನೆಯಲ್ಲಿ ಪಾತ್ರೆ ತೊಳೆಯುವುದು, ಹಾಸಿಗೆ ಹಾಸುವುದು ಇವರ ವರ್ಷವಿಡೀ ಕೆಲಸ. ಗಂಡ ತಂಡಗಳ ಸಾಮಾನು ಹೊರುತ್ತಿದ್ದವರು. ಜಾರಿ ಬಿದ್ದು ಸೊಂಟ ಹಿಡಿದುಕೊಂಡ ಮೇಲೆ ಬೆಟ್ಟ ಇವರ ಪಾಲಿಗೆ ಬಂತು. ಮರಿ ಮಾಡುವ ಕಾಲಕ್ಕೆ ಪ್ರತಿ ವರ್ಷ ಕಾಲೇಜಿನ ತಂಡವೊಂದು ಮೇಷ್ಟರ ಜೊತೆ ಚಿತ್ರೀಕರಣಕ್ಕೆ ಬರುತ್ತದೆ. ಮರಿ ಬೆಳೆಯುವುದನ್ನು ಜನಕ್ಕೆ ತೋರಿಸಿ, ಆ ತಿಂಗಳುಗಳಲ್ಲಾದರೂ ಈ ಕಡೆ ಯಾರೂ ಹತ್ತದಂತೆ ಮಾಡಬೇಕೆಂಬುದು ಅವರ ಉದ್ದೇಶ. ಬೆಳಿಗ್ಗೆ ಬಿಟ್ಟು ಬರಲು ಒಮ್ಮೆ, ಸಂಜೆ ಕರೆತರಲು ಒಮ್ಮೆ, ಇವರು ಹತ್ತಿ ಇಳಿಯುತ್ತಾರೆ. ರಾತ್ರಿ ಹೊತ್ತಿಗೆ ಎಡ ಮಂಡಿ ಊದಿಕೊಂಡಿರುತ್ತದೆ. ವಿದ್ಯಾರ್ಥಿಗಳು ಇಟ್ಟ ಹೆಸರು 'ಹೋಗೋ ಅಕ್ಕ'.

ದಾರಿಯುದ್ದಕ್ಕೂ ಬೈಯುವುದು ಯಾರನ್ನು ಎಂದು, ತಂಡದ ಬಗ್ಗೆ ಬರೆಯಲು ಬಂದಿರುವ ನಾನು ಕೇಳುತ್ತೇನೆ.

"ನಮ್ಮತ್ತೇನ. ಮನೇಲಿ ಹೇಳೋಕಾಗದ್ದೆಲ್ಲ ಅಲ್ಲೇ ಹೇಳಿ ಮುಗಿಸ್ತೀನಿ. ನಮ್ಮನೆ ವಿಷಯ ಆ ಹದ್ದಿಗೆ ಗೊತ್ತಿಲ್ಲದೇ ಇರೋದು ಒಂದೂ ಇಲ್ಲ."

ಅತ್ತೆಯೂ ಸುಮ್ಮನಿರುವವರಲ್ಲ. "ಇಷ್ಟು ವರ್ಷ ಹತ್ತಿದೀಯಲ್ಲ, ಅದರ ಮುಖ ಹೆಂಗಿದೆ ಹೇಳು ನೋಡೋಣ" ಎಂದು ಊಟದ ಹೊತ್ತಿಗೆ ಕೆಣಕುತ್ತಾರೆ. ಸೊಸೆಗೆ ಅದು ಆಕಾಶದಲ್ಲಿ ಚುಕ್ಕೆಯಾಗಿ ಕಂಡದ್ದಷ್ಟೇ. ಹದ್ದು ಗೂಡಿಗೆ ಬರುವ ಹೊತ್ತಿಗೆ ಇವರ ಬೆನ್ನು ಅದರ ಕಡೆಗಿರುತ್ತದೆ. ತಂಡ ತೆಗೆದ ಚಿತ್ರಗಳು ತಂಡದ ಜೊತೆಗೇ ಊರು ಬಿಡುತ್ತವೆ.

ಇದನ್ನು ಕೇಳಿದ ಕ್ರಾಪಿನ ಹುಡುಗಿಗೆ ತಡೆಯಲಾಗುವುದಿಲ್ಲ.

"ಅಕ್ಕಾ, ನಾಳೆ ನೀವು ಒಳಗೆ ಕೂತ್ಕೊಳ್ಳಿ. ನಿಮ್ಮ ಶಾಲು ಹೊದ್ಕೊಂಡು ನಾನು ಇಳೀತೀನಿ."

"ನಮ್ಮತ್ತೇನ ಬೈಯೋಕೆ ಬರುತ್ತೇನೇ ನಿಂಗೆ?"

"ನಮ್ಮಮ್ಮನ್ನ ಬೈತೀನಿ ಬಿಡಿ."

ಮರುದಿನ ಮೇಷ್ಟ್ರು ಮತ್ತು ನಾನು ಬಂಡೆಯ ತಿರುವಿನ ಮರೆಯಲ್ಲಿ ದುರ್ಬೀನು ಹಿಡಿದು ನಿಂತಿದ್ದೇವೆ. ಇಲ್ಲಿಂದ ಇಳಿಜಾರು ಕಾಣುತ್ತದೆ, ಆಕಾಶ ಕಾಣುತ್ತದೆ, ಗೂಡು ಕಾಣುವುದಿಲ್ಲ. ನೀಲಿ ಶಾಲಿನ ಹುಡುಗಿ ಕೆಟಲು ಬಡಿಯುತ್ತಾ ಇಳಿಯುತ್ತಿದ್ದಾಳೆ. ಹದ್ದು ಕೋಡುಗಲ್ಲು ಬಿಟ್ಟು ಗೂಡಿನತ್ತ ಬರುತ್ತದೆ. ಅಷ್ಟರಲ್ಲಿ ಹುಡುಗಿ ನಿಂತು, ತಿರುಗಿ ನೋಡುತ್ತಾಳೆ. ಹದ್ದು ಗಾಳಿಯಲ್ಲೇ ಹೊರಳಿ ಮೇಲಕ್ಕೇರುತ್ತದೆ. ಸುತ್ತುತ್ತದೆ, ಸುತ್ತುತ್ತಲೇ ಇರುತ್ತದೆ. ಗಾಳಿ ಚುಚ್ಚುವಂತಿದೆ. "ಮರಿ..." ಎನ್ನುತ್ತಾ ಮೇಷ್ಟ್ರು ದುರ್ಬೀನನ್ನು ಗುಡಾರದತ್ತ ತಿರುಗಿಸುತ್ತಾರೆ.

ಗುಡಾರದ ಬಟ್ಟೆ ಸರಿಯುತ್ತದೆ. ಕ್ಯಾಮೆರಾ ಹುಡುಗನನ್ನು ಒಳಗೇ ಬಿಟ್ಟು ಅಕ್ಕ ಹೊರಬರುತ್ತಾರೆ. ಕಾದಿದ್ದರೆ ಹದ್ದು ಬಂದರೂ ಬರುತ್ತಿತ್ತು, ಅದರ ಮುಖ ನೋಡಲು ಸಿಕ್ಕರೂ ಸಿಗುತ್ತಿತ್ತು. ಅವರು ಕಾಯುವುದಿಲ್ಲ. ಹುಡುಗಿಯ ಹೆಗಲಿಂದ ಶಾಲು ಎಳೆದು ಹೊದ್ದು, ಕೆಟಲು ಕಸಿದುಕೊಂಡು, ಅತ್ತೆಯ ಪುರಾಣ ಶುರುಮಾಡುತ್ತಾರೆ. ಇಬ್ಬರೂ ತಿರುವು ದಾಟುವ ಹೊತ್ತಿಗೆ ವಾಕಿಟಾಕಿಯಲ್ಲಿ ಹುಡುಗನ ಪಿಸುದನಿ: "ಬಂತು ಸರ್. ಮರಿ ಮೇಲೆ ಕೂತಿದೆ. ಮರಿ ಚೆನ್ನಾಗಿದೆ."

ಹುಡುಗಿಯ ಕಣ್ಣಲ್ಲಿ ನೀರು. "ಕತ್ತು ತಾನಾಗೇ ತಿರುಗಿಬಿಡ್ತು ಅಕ್ಕಾ."

"ಅಳಬೇಡ ಕಣೇ. ಮೊದಲನೇ ವರ್ಷ ನಾನೂ ಶಾಲನ್ನ ಕತ್ತಿಗೆ ಬಿಗಿಯಾಗಿ ಸುತ್ಕೊಂಡು ಇಳೀತಿದ್ದೆ."

"ನಾಳೆ ಇನ್ನೊಂದ್ಸಲ ಕೂರ್ತೀರಾ?"

"ಬೇಡ. ಅದಕ್ಕೆ ಈ ಬೆನ್ನಿನ ಗುರುತಿದೆ. ಮರಿ ದೊಡ್ಡದಾಗಲಿ."

ಸಂಜೆ ತಂಗುಮನೆಯ ಅಡುಗೆಮನೆ. ಅಕ್ಕ ತಳ ಹಿಡಿದ ಪಾತ್ರೆ ಉಜ್ಜುತ್ತಿದ್ದಾರೆ. ಹುಡುಗಿ ಕ್ಯಾಮೆರಾ ತಂದು ಅದರ ಪುಟ್ಟ ಪರದೆಯನ್ನು ಅವರ ಮುಖದ ಹತ್ತಿರ ಹಿಡಿಯುತ್ತಾಳೆ. ಗೂಡಿನ ಅಂಚಿನಲ್ಲಿ ಹದ್ದು. ಕಾಲ ಬಳಿ ಬೂದು ಬಣ್ಣದ ಮರಿ ಬಾಯಿ ಕಳೆದಿದೆ. ಹದ್ದು ಅದನ್ನು ನೋಡುತ್ತಿಲ್ಲ. ಎಡಕ್ಕೆ ಕತ್ತು ಹೊರಳಿಸಿ, ಕೆಳಗೆ ಏನನ್ನೋ ದಿಟ್ಟಿಸುತ್ತಿದೆ.

"ಮರೀನ ಬಿಟ್ಟು ಅದೇನು ನೋಡ್ತಿದೆ?"

"ನಿಮ್ಮನ್ನೇ ಅಕ್ಕಾ. ದಿನಾ ಹಿಂಗೇ."

ಒದ್ದೆ ಕೈ ಎತ್ತಿ ಹಿಡಿದು, ಅಕ್ಕ ಬಗ್ಗಿ ನೋಡುತ್ತಾರೆ. "ಇದಿಷ್ಟನ್ನ ನಮ್ಮತ್ತೆಗೆ ತೋರಿಸ್ಬೇಕಲ್ಲ. ಇನ್ನೊಂದ್ಸಲ ಹಾಕೇ."

ಹುಡುಗಿ ಮತ್ತೆ ಹಾಕುತ್ತಾಳೆ. ಹದ್ದಿನ ಕತ್ತು ನಿಧಾನವಾಗಿ ಹೊರಳುತ್ತಾ ಹೋಗಿ, ಒಂದು ಕಡೆ ನಿಲ್ಲುತ್ತದೆ. ಆಮೇಲೆ ಅದು ರೆಕ್ಕೆ ಸಡಿಲಿಸಿ ಮರಿಯ ಮೇಲೆ ಮೆಲ್ಲನೆ ಕೂರುತ್ತದೆ.

"ಹಾಂ," ಎನ್ನುತ್ತಾರೆ ಅಕ್ಕ. "ಈಗ ನಾನು ತಿರುವು ದಾಟಿದೆ."