ಗೋಡೆ ಬದಿಯ ಗಿಡಗಳು

ಬಂಟ್ವಾಳದಲ್ಲಿ ಬೆಳ್ತಂಗಡಿಯ ಬಸ್ಸು ಕಣ್ಣೆದುರೇ ಹೋಯಿತು. ಇನ್ನೊಂದಕ್ಕೆ ಎರಡು ತಾಸು. ಹಂಚಿನ ಕಾರ್ಖಾನೆಯ ಹೊಗೆ ಕುಡಿದು ಸಾಕಾಗಿ, ನೆರಳು ಕಂಡ ಕಡೆ ನುಗ್ಗಿದೆ. ಅದು ಇಗರ್ಜಿಯ ಸ್ಮಶಾನ. ಆದರೆ ಗೋಡೆಯುದ್ದಕ್ಕೂ ಹೂತೋಟ, ಗಿಡದ ಬುಡಕ್ಕೆಲ್ಲ ಒಡೆದ ಹಂಚಿನ ಕಟ್ಟೆ. ಕೂತಲ್ಲಿಂದಲೇ ಒಂದು ದಾಸವಾಳ ಕಿತ್ತೆ.

“ಅದು ಪೌಲಿನ್ ಬಾಯಿಯ ಗಿಡ,” ಎಂದ, ಗುಂಡಿ ಅಗೆಯುತ್ತಿದ್ದ ಲಾದ್ರು. ಸ್ಮಶಾನ ನೋಡಿಕೊಳ್ಳುವವನು ಅವನೇ. “ನಮ್ಮಲ್ಲಿ ಗುಂಡಿ ಯಾರಿಗೂ ಖಾಯಂ ಇಲ್ಲ ಸ್ವಾಮಿ. ಏಳೆಂಟು ವರ್ಷ ಆದ ಮೇಲೆ ಅದೇ ಜಾಗ ಇನ್ನೊಬ್ಬರಿಗೆ. ಮೇಲೆ ನೆಟ್ಟ ಗಿಡವನ್ನು ಬಿಸಾಡ್ಲಿಕ್ಕೆ ಆಗ್ತದಾ? ತಂದು ಇಲ್ಲಿ ಇಡ್ತೇನೆ.”

ಕಿತ್ತ ಹೂವನ್ನು ಎಲ್ಲಿಡುವುದೆಂದು ತಿಳಿಯಲಿಲ್ಲ. ಅವನ ಗುಂಡಿಯ ಪಕ್ಕದಲ್ಲಿ, ಬೇರುಮಣ್ಣು ಸಮೇತ ಎಬ್ಬಿಸಿದ ಒಂದು ಅಬ್ಬಲಿಗೆ ಗಿಡವಿತ್ತು.

“ಇದು ಯಾರದು?”

“ನನ್ನ ಹೆಂಡತಿಯದು.” ಗೋಡೆಯ ಆ ತುದಿಯಿಂದ ಈ ತುದಿಯವರೆಗೆ ನೋಡಿದ. ಎಲ್ಲೂ ಜಾಗವಿರಲಿಲ್ಲ. “ನೀವು ಎಲ್ಲಿಗೆ?”

“ಬೆಳ್ತಂಗಡಿಗೆ.”

“ದಾರಿಯಲ್ಲಿ ಮಡಂತ್ಯಾರು ಸಿಗ್ತದೆ. ಅವಳ ತವರು ಅಲ್ಲಿ. ಬಸ್ಸು ನಿಲ್ಲುವಲ್ಲಿಯೇ ಅವಳ ಅಣ್ಣನ ಚಾದ ಅಂಗಡಿ ಉಂಟು. ಇದನ್ನು ಅವನಿಗೆ ಕೊಡ್ತೀರಾ?”

ಗೋಣಿಯ ಚೂರಿನಲ್ಲಿ ಬುಡ ಸುತ್ತಿ ಕೊಟ್ಟ.

ಬಸ್ಸು ತುಂಬಿಕೊಂಡೇ ಬಂತು. ಹೇಗೋ ಒಂದು ಸೀಟು ಸಿಕ್ಕಿತು. ಗಿಡವನ್ನು ಮಡಿಲಲ್ಲಿಟ್ಟುಕೊಂಡು ಕಾಲು ಚಾಚಲೂ ಆಗದೆ ಕೂತೆ.

“ಅದನ್ನು ಬಸ್ಸಿನ ಮೇಲೆ ಹಾಕುವ ಮಾರಾಯ್ರೆ,” ಎಂದ ಕಂಡಕ್ಟರ್.

“ಬೇಡ,” ಎಂದೆ. “ತವರಿಗೆ ಹೊರಟದ್ದು. ಕೂತೇ ಬರಲಿ.”